ಹಳೆಯ ಸೀರೆಯ ಜೋಲಿ: ಕಟ್ಟುವ ಕ್ರಮ

ಕೊಯ್ಲಿನ ಕಾಲದಲ್ಲಿ ಬಾದಾಮಿ, ಹುನಗುಂದ, ಇಳಕಲ್ ಮುಂತಾದ ಬಯಲುಸೀಮೆಯ ಕಡೆಯಿಂದ ಆಳುಗಳು ಸಂಸಾರ ಸಮೇತ ತೋಟಗಳಿಗೆ ಬರುವುದುಂಟು. ಅವರೊಡನೆ ಕೈಗೂಸುಗಳೂ ಬರುತ್ತವೆ. ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನ ಸುತ್ತ ಹೊಲದ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವ ತಾಯಿ ನಮ್ಮ ತೋಟದಲ್ಲಿಯೂ ಹಾಗೆಯೇ ಮಾಡುತ್ತಾಳೆ. ಆದರೆ ಅಲ್ಲಿಯ ಬೇವು ಬೇರೆ, ಇಲ್ಲಿಯ ನೆರಳಿನ ಮರ ಬೇರೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯು 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದ ತೋಟಗಳಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದು ವಿಧಿಸಿತ್ತು. ಐದು ಹತ್ತು ಎಕರೆಯ ನಾವು ಆ ಲೆಕ್ಕಕ್ಕೆ ಬರಲಿಲ್ಲ. ಹಾಗೆಂದು ಕೂಸಿನ ಹೊಣೆ ನಮಗಿಲ್ಲವೆಂದಲ್ಲ.

ಬಟ್ಟೆ: ಹತ್ತಿಯ ಒಡಲಿನ ಇಳಕಲ್ ಸೀರೆ ಇದಕ್ಕೆ ಒಳ್ಳೆಯದು. ಆದರೆ ಅದರ ಸೆರಗಿನ ರೇಷ್ಮೆ ನೂಲನ್ನು ಒಡಲಿನ ಹಾಸುನೂಲಿಗೆ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಭಾರ ಆ ಜೋಡಣೆಯ ಮೇಲೆ ಬೀಳಬಾರದು. ರೇಷ್ಮೆಯಲ್ಲಿ ಗಂಟೂ ಜಾರುತ್ತದೆ. ಸೆರಗನ್ನು ಕತ್ತರಿಸಿ ಒಡಲನ್ನಷ್ಟೇ ಉಪಯೋಗಿಸಿರಿ. ಬಿಸಿಲಿಗೆ ಹಿಡಿದು ಸವೆದ ಜಾಗವಿದೆಯೇ ನೋಡಿ, ಉದ್ದಕ್ಕೆ ಎರಡು ಮಡಿಕೆ ಮಾಡಿಕೊಳ್ಳಿರಿ. ಗೊಬ್ಬರದ ಚೀಲ ಬೇಡವೇ ಬೇಡ.

ಗಂಟು: ತುದಿಯನ್ನು ಸೀರೆಯ ನೆರಿಗೆಯಂತೆ ಹಿಡಿದು, ಒಂದು ಗೇಣಿನಷ್ಟು ಹಿಂದಕ್ಕೆ ಮಡಿಚಿ, ಮಡಿಕೆಯ ಕತ್ತಿಗೆ ಹೆಬ್ಬೆರಳು ದಪ್ಪದ ಹಗ್ಗವನ್ನು ಎರಡು ಸುತ್ತು ಬಿಗಿಯಬೇಕು. ಮಡಿಚಿದ ತಲೆ ದಪ್ಪವಾಗಿರುವುದರಿಂದ ಹಗ್ಗ ಕಳಚುವುದಿಲ್ಲ. ನೈಲಾನ್ ಹಗ್ಗವಾದರೆ ಇನ್ನೊಂದು ಗಂಟು ಹೆಚ್ಚಿಗೆ ಹಾಕಿರಿ. ಒಂದೂವರೆ ಅಡಿಯ, ನುಣುಪು ಮಾಡಿದ ಅಡಕೆ ದಬ್ಬೆಯೊಂದನ್ನು ತಲೆಯ ಕಡೆ, ಇನ್ನೊಂದನ್ನು ಕಾಲಿನ ಕಡೆ ಅಡ್ಡಲಾಗಿ ಕಟ್ಟಿದರೆ ಬಟ್ಟೆ ಕೂಸಿನ ಮುಖದ ಮೇಲೆ ಮುಚ್ಚಿಕೊಳ್ಳುವುದಿಲ್ಲ.

ಮರ: ಹಲಸು, ಮಾವು, ನಂದಿ ಆಗಬಹುದು. ಸಿಲ್ವರ್ ಓಕ್ ಮತ್ತು ಹಾಲುವಾಣದ ಟೊಂಗೆಗಳು ಪೆಡಸು, ಅವನ್ನು ನಂಬಬಾರದು. ಅಡಕೆ ಮರದ ಕೆಳಗೆ ಸೋಗೆ ಬೀಳುವ ಭಯವಿದೆ. ಮೇಲೆ ಒಣಟೊಂಗೆ, ಹೆಜ್ಜೇನು, ಚಗಳಿ ಗೂಡು ಇಲ್ಲದಿರುವುದನ್ನು ನೋಡಿರಿ. ಔಷಧಿ ಸಿಂಪಡಿಸಿದ ಜಾಗ ಕೂಡದು. ಹಗ್ಗ ತಾಗುವಲ್ಲಿ ಗೋಣಿತಟ್ಟು ಸುತ್ತಿದರೆ ಹಗ್ಗವೂ ಸವೆಯದು, ತೊಗಟೆಯೂ ಕೀಳದು.

ಇಳಿತ: ಎರಡು ಮರಗಳ ನಡುವೆ ಕಟ್ಟುವಾಗ ಬಿಗಿಯಾಗಿ ಎಳೆದಷ್ಟೂ ಗಟ್ಟಿ ಎಂದು ಹಲವರು ತಿಳಿದಿದ್ದಾರೆ. ಆಗುವುದು ಇದಕ್ಕೆ ವಿರುದ್ಧ. ಎರಡು ಮೊಳ ಹಗ್ಗಕ್ಕೆ ಒಂದು ಮೊಳ ಕೆಳಗಿಳಿದಿದ್ದರೆ ಪ್ರತಿ ಹಗ್ಗದ ಮೇಲಿನ ಎಳೆತ ಮಲಗಿದವರ ತೂಕದಷ್ಟೇ. ಆರು ಮೊಳಕ್ಕೆ ಒಂದೇ ಮೊಳ ಇಳಿದಿದ್ದರೆ ಎಳೆತ ತೂಕದ ಮೂರರಷ್ಟು. 60 ಕಿಲೋ ಆಳು ಮಧ್ಯಾಹ್ನ ಅದರಲ್ಲಿ ಒರಗಿದರೆ ಒಂದೊಂದು ಹಗ್ಗದ ಮೇಲೂ 180 ಕಿಲೋ! ಆದುದರಿಂದ ಸಡಿಲವಾಗಿ, ಇಳಿಬಿಟ್ಟು ಕಟ್ಟಿರಿ.

ಪರೀಕ್ಷೆ: ಕೂಸಿಗಿಂತ ಮೊದಲು 50 ಕಿಲೋ ಕಾಫಿ ಮೂಟೆಯನ್ನು ಅದರಲ್ಲಿಟ್ಟು ಹತ್ತು ನಿಮಿಷ ತೂಗಿರಿ. ಗಂಟು ಸರಿಯದಿದ್ದರೆ ಸರಿ. ಇದನ್ನು ದಿನವೂ ಬೆಳಿಗ್ಗೆ ನೋಡಬೇಕು.

ಎಚ್ಚರಿಕೆ: ಜೋಲಿಯ ತಳ ನೆಲದಿಂದ ಎರಡು ಅಡಿಗಿಂತ ಮೇಲಿರಬಾರದು. ಕೂಸನ್ನು ಅಂಗಾತ ಮಲಗಿಸಿರಿ. ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟುತ್ತದೆ. ಎಳೆಗೂಸು ಅಳಲೂ ಆಗದು. ಜೋಲಿ ಏನಿದ್ದರೂ ಕಣ್ಣೆದುರಿನ ಹಗಲು ನಿದ್ದೆಗೆ. ರಾತ್ರಿಗೆ ಸಮನಾದ ಗಟ್ಟಿ ಹಾಸಿಗೆಯೇ ಸರಿ. ಮಗುಚಿಕೊಳ್ಳಲು ಕಲಿತ ಕೂಸಿಗೆ ಜೋಲಿ ಬೇಡ. ದೊಡ್ಡ ಮಕ್ಕಳು ಅದನ್ನು ತಿರುಚಿ ಆಡುವಾಗ ಬಟ್ಟೆ ಕೊರಳಿಗೆ ಸುತ್ತಿಕೊಂಡು ಪ್ರಾಣ ಹೋಗಿರುವುದೂ ಉಂಟು. ಕೆಲಸ ಮುಗಿದೊಡನೆ ಬಿಚ್ಚಿಡಿರಿ.

ಮುಖ್ಯವಾಗಿ, ಜೋಲಿಯ ಬಳಿ ಒಬ್ಬರು ದೊಡ್ಡವರು ಇರಬೇಕು. ನಾಲ್ಕಾರು ಕೂಸುಗಳಿದ್ದರೆ ಒಬ್ಬ ಅಜ್ಜಿಯನ್ನು ಆಳಿನ ಲೆಕ್ಕದಲ್ಲಿಯೇ ಕೂಲಿ ಕೊಟ್ಟು ಕೂರಿಸಿರಿ. ತಾಯಿಯ ಕೈ ಕೊಯ್ಲಿನಲ್ಲಿ ನಿಲ್ಲುತ್ತದೆ. ಆ ಕೂಲಿ ನಷ್ಟವಲ್ಲ. ಈ ಸಲ ಕೊಯ್ಲಿಗೆ ಮುಂಚೆಯೇ ಮರ ಗುರುತಿಸಿ, ಹಗ್ಗ ತೆಗೆದಿಡಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.