ಮಳೆಗಾಲದ ಕೊಡಚಾದ್ರಿ: ಹೊರಡುವ ಮುನ್ನ

ಮಳೆಗಾಲದಲ್ಲಿ ಕೊಡಚಾದ್ರಿ ಹತ್ತುವ ಆಸೆಯೇ? ಇಷ್ಟು ಕೇಳಿಸಿಕೊಂಡು ಹೊರಡಿ.

ಶಿವಮೊಗ್ಗ ಜಿಲ್ಲೆಯ ಈ ಬೆಟ್ಟದ ಎತ್ತರ 1,343 ಮೀಟರ್. ನಿಟ್ಟೂರು ಕಡೆಯಿಂದ ನಡೆದರೆ ಮೊದಲು ಹಿಡ್ಲುಮನೆ ಜಲಪಾತ. ಆಮೇಲೆ ದಟ್ಟ ಕಾಡು, ಹುಲ್ಲುಗಾವಲು, ತುದಿಯಲ್ಲಿ ಕಲ್ಲಿನ ಸರ್ವಜ್ಞ ಪೀಠ.

ಜಲಪಾತದ ಬುಡದಲ್ಲಿ ಎಚ್ಚರ! ನೀವು ನಿಂತಲ್ಲಿ ಬಿಸಿಲಿದ್ದರೂ, ಮೇಲೆ ಮಳೆ ಸುರಿದರೆ ನೀರು ದಿಢೀರನೆ ಏರುತ್ತದೆ. ನೀರು ಕೆಂಪಾಯಿತೇ, ಸದ್ದು ಜೋರಾಯಿತೇ? ತಕ್ಷಣ ದಡ ಸೇರಿ. ಪಾಚಿಗಟ್ಟಿದ ಬಂಡೆ ಏರಲೇಬೇಡಿ.

ಕಾಲಿಗೆ ಇಂಬಳ ಹತ್ತುತ್ತದೆ. ಉದ್ದನೆಯ ಕಾಲುಚೀಲ ಹಾಕಿ, ಉಪ್ಪು ಜೊತೆಗಿರಲಿ.

ಇದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೊರಡಿ. ಊರಿನವರು ಬೇಡ ಎಂದ ದಿನ ಹಠ ಮಾಡಬೇಡಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ತಪ್ಪದೆ ವಾಪಸ್ ತನ್ನಿ.