ಹಿರಿಯರ ಶುಶ್ರೂಷೆಗೆ ತಾಯ್ನುಡಿಯ ನೆರವು

2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಅರುವತ್ತು ತುಂಬಿದವರು ಶೇಕಡಾ 10.4, ದೇಶದ ಸರಾಸರಿ 8.6. ಆದುದರಿಂದಲೇ ನರ್ಸಿಂಗ್ ಪದವಿಗೆ ಸೇರುವ ನಮ್ಮ ಮಕ್ಕಳು ವೃದ್ಧರ ಶುಶ್ರೂಷೆಯನ್ನು ಆಸ್ಥೆಯಿಂದ ಕಲಿಯಬೇಕಾಗಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮದಲ್ಲಿ ಇದು ವಯಸ್ಕರ ಆರೋಗ್ಯ ಶುಶ್ರೂಷೆಯ ಒಂದು ಭಾಗ.

ವೃದ್ಧರ ದೇಹ ಬೇರೆಯೇ ರೀತಿಯಲ್ಲಿ ದೂರು ಹೇಳುತ್ತದೆ. ಸೋಂಕು ತಗುಲಿದರೂ ಜ್ವರ ಕಾಣದಿರಬಹುದು. ಹಠಾತ್ತಾಗಿ ಮೂಡುವ ಗೊಂದಲವೇ ಅದರ ಮೊದಲ ಸೂಚನೆಯಾಗಬಹುದು. ಹಾಸಿಗೆ ಹಿಡಿದವರನ್ನು ಆಗಾಗ್ಗೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ಇವೆಲ್ಲವೂ ಪಾಠದಲ್ಲಿವೆ.

ಹಿರಿಯ ನಾಗರಿಕರಿಗೆ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸರತಿ, ಸರಕಾರಿ ಆಸ್ಪತ್ರೆಗಳಲ್ಲಿ ಸಾಧ್ಯವಾದಮಟ್ಟಿಗೆ ಹಾಸಿಗೆ ಇರಬೇಕೆಂದು 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯ 20ನೆಯ ಕಲಮು ವಿಧಿಸುತ್ತದೆ. ಆದರೆ ರೋಗಿಯ ಮಾತನ್ನು ಅರಿಯುವವರು ಬಳಿಯಲ್ಲಿರಬೇಕೆಂಬುದನ್ನು ಆ ಕಲಮು ಹೇಳುವುದಿಲ್ಲ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ ಮನೆಗಳಲ್ಲಿ ಹಿರಿಯರ ನುಡಿ ಕನ್ನಡ. ಮರೆವಿನ ಕಾಯಿಲೆಯಲ್ಲಿ ತರುವಾಯ ಕಲಿತ ಭಾಷೆ ಮೊದಲು ಮಾಸಿ, ತಾಯ್ನುಡಿ ಉಳಿಯುವುದುಂಟು. ‘ತಾಗಂ’ ಎನ್ನುತ್ತಿದ್ದ ಅಜ್ಜಿ ಆಗ ‘ಬಾಯಾರಿಕೆ’ ಎಂದಷ್ಟೇ ಹೇಳಿಯಾರು. ಅದನ್ನು ಅರಿತ ದಾದಿಯಿದ್ದರೆ ನೀರು ಸಿಗುತ್ತದೆ. ಇಲ್ಲದಿದ್ದರೆ ಅದು ಬಡಬಡಿಕೆಯೆಂದು ದಾಖಲಾದೀತು.

ಆದಕಾರಣ ಪಾಲಕರಲ್ಲಿ ವಿನಂತಿ: ಮಕ್ಕಳು ದಿನಕ್ಕೊಮ್ಮೆ ಅಜ್ಜ ಅಜ್ಜಿಯರೊಡನೆ ಕನ್ನಡದಲ್ಲಿ ಮಾತನಾಡಲಿ. ಮೈನೋವು, ಹಸಿವು, ನಿದ್ರೆ, ಭಯಗಳಿಗೆ ಅವರಾಡುವ ಪದಗಳನ್ನು ಬರೆದಿಡಲಿ. ಹಿರಿಯರನ್ನು ಆಸ್ಪತ್ರೆಗೆ ಸೇರಿಸಬೇಕಾದಾಗ ಔಷಧಿಗಳ ಪಟ್ಟಿಯ ಜೊತೆಗೆ, ತಮಿಳು ಅರ್ಥ ಬರೆದ ಆ ಹಾಳೆಯನ್ನೂ ದಾದಿಯ ಕೈಗೆ ಕೊಡಿರಿ.