ಚೀನಾ ಟೀಗೆ ಹಾಲು ಸುರಿಯೋ ಮುನ್ನ...

ಕಂಪನಿ ಕೆಲಸದ ಮೇಲೆ ಚೀನಾಕ್ಕೆ ಹೋಗಿಬಂದ ಮೈದುನ ಚೆಂದದ ಟೀ ಡಬ್ಬಿಯೊಂದನ್ನು ಕೈಗಿಟ್ಟಿದ್ದಾನೆ. ಒಳಗೆ ತೆಳ್ಳಗೆ ಹೊಸೆದ ಕಪ್ಪು ಎಲೆ. ನೀವೇನು ಮಾಡ್ತೀರಿ? ಎಂದಿನಂತೆ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸ್ತೀರಿ. ಆಮೇಲೆ ‘ಅಯ್ಯೋ, ಇಷ್ಟೇನಾ!’ ಎಂದು ಡಬ್ಬಿಯನ್ನು ಅಟ್ಟಕ್ಕೆ ಹಾಕ್ತೀರಿ. ಅಲ್ಲೇ ನೋಡಿ ದುಬಾರಿ ಟೀ ದಂಡವಾಗೋದು.

ನಮ್ಮ ಮನೆಯ ಕಾಳುಕಾಳಾದ ಟೀ ಪುಡಿ ಹಾಲಿಗೆ ಜಗ್ಗದಷ್ಟು ಕಡಕ್. ಈ ಎಲೆಯ ಬೆಲೆ ಇರುವುದು ಪರಿಮಳದಲ್ಲಿ. ಹಾಲು ಬಿದ್ದರೆ ಅದು ಮುಚ್ಚಿಹೋಗುತ್ತದೆ, ಕುದಿಸಿದರೆ ಒಗರಾಗುತ್ತದೆ.

ಡಬ್ಬಿಯ ಮೇಲೆ ‘ಕೀಮುನ್’ ಎಂದಿದ್ದರೆ ಅದು ಅನ್‌ಹುಯಿ ಪ್ರಾಂತ್ಯದ ಚಿಮೆನ್ ಸೀಮೆಯದು. ಹಸಿರು ಟೀ ಮಾಡುತ್ತಿದ್ದ ಆ ಊರುಗಳಲ್ಲಿ 1875ರ ಸುಮಾರಿಗೆ ಕಪ್ಪು ಟೀ ಶುರುವಾಯಿತು. ಚೀನೀಯರು ಇದನ್ನು ಕರೆಯೋದು ‘ಹೊಂಗ್ ಚಾ’, ಅಂದರೆ ಕೆಂಪು ಚಹಾ ಅಂತ! ಅವರು ನೋಡಿದ್ದು ಲೋಟದೊಳಗಿನ ಬಣ್ಣ.

ಮಾಡೋದು ಸುಲಭ. ಒಂದು ಕಪ್ ನೀರು ಕುದಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಡಿ. ಅಷ್ಟರಲ್ಲಿ ಲೋಟಕ್ಕೆ ಬಿಸಿನೀರು ಹಾಕಿ ಚೆಲ್ಲಿ, ಬೆಚ್ಚಗಾಗಲಿ. ಒಂದು ಟೀ ಚಮಚ ಎಲೆಗೆ ಆ ನೀರು ಹಾಕಿ ತಟ್ಟೆ ಮುಚ್ಚಿ. ಗಡಿಯಾರ ನೋಡಿಕೊಂಡು ಮೂರು ನಿಮಿಷಕ್ಕೆ ಸೋಸಿಬಿಡಿ. ಫೋನ್ ಬಂತೆಂದು ಎದ್ದು ಹೋದಿರೋ, ಒಗರು ಗ್ಯಾರಂಟಿ. ಎಲೆಯನ್ನು ಹಿಂಡಬೇಡಿ. ಎಸೆಯಲೂ ಬೇಡಿ, ಇನ್ನೊಂದು ನಿಮಿಷ ಹೆಚ್ಚು ನೆನೆಸಿದರೆ ಎರಡನೇ ಕಪ್ಪೂ ಸಿಗುತ್ತದೆ.

ಮೊದಲು ನೆನೆದ ಎಲೆಯನ್ನು ಮೂಸಿ. ಆಮೇಲೆ ಸಕ್ಕರೆ ಹಾಕದೆ, ಸ್ವಲ್ಪ ಆರಿದ ಮೇಲೆ ‘ಸೊರ್’ ಎಂದು ಹೀರಿ. ಮಕ್ಕಳಿಗೆ ಬೇಡ ಅಂತೀವಲ್ಲ, ಅದೇ ಸದ್ದು! ಟೀ ರುಚಿ ನೋಡುವ ಪರಿಣತರೂ ಹೀಗೇ ಹೀರುವುದು. ಗಾಳಿ ಜೊತೆ ಸೇರಿದಾಗಲೇ ಪರಿಮಳ ಮೂಗಿಗೇರೋದು. ಒಳ್ಳೇ ಕೀಮುನ್‌ನಲ್ಲಿ ಹೂವಿನ ಕಂಪು, ಹಿಂದೆಯೇ ಕೋಕೋದಂಥ ರುಚಿ ಸಿಕ್ಕೀತು. ಮೊದಲ ದಿನವೇ ಗೊತ್ತಾಗದಿದ್ದರೆ ಬೇಜಾರು ಬೇಡ, ಹಾಲಿನ ಟೀಗೆ ಒಗ್ಗಿದ ನಾಲಿಗೆಗೆ ನಾಲ್ಕು ದಿನ ಬೇಕು.

ಡಬ್ಬಿ ತೆರೆದೊಡನೆ ಸೌದೆ ಒಲೆಯ ಹೊಗೆ ವಾಸನೆ ಬಂತೇ? ಕೆಟ್ಟಿದೆ ಎಂದು ಕಸಕ್ಕೆ ಹಾಕಬೇಡಿ. ಅದು ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳ ‘ಲ್ಯಾಪ್ಸಾಂಗ್ ಸೂಚಾಂಗ್’ ಇರಬಹುದು. ಪೈನ್ ಮರದ ಹೊಗೆಯಲ್ಲೇ ಅದನ್ನು ಒಣಗಿಸುವುದು. ಎಲ್ಲರಿಗೂ ಹಿಡಿಸದು, ಅರ್ಧ ಚಮಚದಿಂದ ಶುರುಮಾಡಿ.

ಒಂದು ಎಚ್ಚರಿಕೆ. ಯಾವ ಟೀಯೇ ಆಗಲಿ, ಊಟದ ಜೊತೆ ಕುಡಿದರೆ ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತೋದು ಕಡಿಮೆ. ರಕ್ತಹೀನತೆ ಇರುವವರು, ಬಸುರಿಯರು ಒಂದು ಗಂಟೆಯಾದರೂ ಅಂತರ ಇಡಿ. ಕಬ್ಬಿಣದ ಮಾತ್ರೆಯನ್ನಂತೂ ಟೀ ಜೊತೆ ನುಂಗಲೇಬೇಡಿ.

ಇನ್ನು ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಇಂಗು, ಸಾರಿನಪುಡಿಗಳಿಂದ ದೂರ ಇಡಿ. ಈ ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತೆ.